ತಟ್ಟೆಗೆ ಬಿದ್ದದ್ದರ ಲೆಕ್ಕ: ಕ್ಯಾಲೊರಿ ಬರೆದಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ತೀರ್ಥಹಳ್ಳಿ ಕಡೆಯ ತೋಟದ ಮನೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಇಪ್ಪತ್ತಾರು ವರ್ಷವಾಯಿತು. ಮೂರು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ. "ನಾನು ಅಷ್ಟೇನು ತಿನ್ನೋದೇ ಇಲ್ಲ ಡಾಕ್ಟ್ರೇ" ಅಂದೆ. "ಹಾಗಾದ್ರೆ ಹದಿನೈದು ದಿನ ತಿಂದಿದ್ದನ್ನೆಲ್ಲ ಬರ್ಕೊಂಡು ಬನ್ನಿ" ಅಂದರು. ಹಾಗೆ ಶುರುವಾದ ಇನ್ನೂರು ಪುಟದ ಪುಸ್ತಕ ಈಗ ಮೂರನೆಯದಕ್ಕೆ ಬಂದಿದೆ. ಅದನ್ನು ನೋಡಿದ ಅಕ್ಕಪಕ್ಕದ ಮನೆಯವರು, ಊರಿನ ನೆಂಟರು, ವಾಕಿಂಗಿಗೆ ಬರುವ ಗೆಳತಿಯರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ. ನಾನು ವೈದ್ಯೆಯಲ್ಲ. ಅಡುಗೆ ಮಾಡುವವಳು.

ಕ್ಯಾಲೊರಿ ಅಂದರೆ ನಿಜಕ್ಕೂ ಏನು?

ಅದೊಂದು ಅಳತೆ, ಅಷ್ಟೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದ ಶಕ್ತಿ. ಶಾಸ್ತ್ರದ ಪ್ರಕಾರ ಅದಕ್ಕೆ ಕಿಲೋಕ್ಯಾಲೊರಿ ಅನ್ನಬೇಕು. ಊಟದ ಮಾತಿನಲ್ಲಿ ಎಲ್ಲರೂ ಕ್ಯಾಲೊರಿ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಆಟ್‌ವಾಟರ್ ಎಂಬ ರಸಾಯನ ವಿಜ್ಞಾನಿ ಮಾಡಿಟ್ಟ ಲೆಕ್ಕವೇ ಇವತ್ತಿಗೂ ಚಾಲ್ತಿಯಲ್ಲಿದೆ: ಒಂದು ಗ್ರಾಂ ಪಿಷ್ಟಕ್ಕೆ 4, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9. ಎಣ್ಣೆ, ತುಪ್ಪದ ವಿಷಯದಲ್ಲಿ ಕೈ ಯಾಕೆ ಬಿಗಿಹಿಡಿಯಬೇಕು ಅನ್ನುವುದು ಆ ಒಂಬತ್ತರಲ್ಲೇ ಇದೆ.

ನನಗೆ ದಿನಕ್ಕೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿಗಳು ನಮ್ಮ ದೇಶದವರಿಗೆಂದೇ ಮಾಡಿದವು. ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ 2110, 55 ಕಿಲೋ ತೂಕದ ಹೆಂಗಸಿಗೆ 1660. ಮಧ್ಯಮ ಶ್ರಮದವರಿಗೆ 2710 ಮತ್ತು 2130. ಮೈಮುರಿದು ದುಡಿಯುವವರಿಗೆ 3470 ಮತ್ತು 2720.

ಮೊದಲನೆಯ ಸಾಲನ್ನೂ ಕೊನೆಯ ಸಾಲನ್ನೂ ಮತ್ತೊಮ್ಮೆ ನೋಡಿ. ಗಂಡಸರ ಲೆಕ್ಕದಲ್ಲೇ 1360 ಕ್ಯಾಲೊರಿ ವ್ಯತ್ಯಾಸ. ನನ್ನ ಅಪ್ಪ ಬೆಳಗ್ಗೆ ಆರಕ್ಕೆ ತೋಟಕ್ಕಿಳಿದರೆ ಬಸಿಗಾಲುವೆ ಹೆರೆಯುವುದು, ಸೊಪ್ಪು ಹೊರುವುದು, ದರೆ ಹತ್ತಿ ಇಳಿಯುವುದು, ಹೀಗೇ ಕತ್ತಲಾಗುತ್ತಿತ್ತು. ಅವರ ತಟ್ಟೆಯಲ್ಲಿ ನಾಲ್ಕು ರೊಟ್ಟಿ ಇರುವುದು ನ್ಯಾಯ. ನನ್ನ ತಮ್ಮ ಈಗ ಶಿವಮೊಗ್ಗದಲ್ಲಿ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಮನೆಯಿಂದ ಆಫೀಸಿಗೆ ಬೈಕು. ಅವನ ತಟ್ಟೆಯಲ್ಲೂ ನಾಲ್ಕೇ ರೊಟ್ಟಿ. ಮಲೆನಾಡಿನ ಊಟ ಕೆಟ್ಟದ್ದು ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ಊಟ ಕೆಟ್ಟಿಲ್ಲ. ಗುಡ್ಡ ಹತ್ತುವವರಿಗೆ ಬಡಿಸುತ್ತಿದ್ದ ಅಳತೆಯಲ್ಲೇ ಕುರ್ಚಿಯಲ್ಲಿ ಕೂತವರಿಗೂ ಬಡಿಸುತ್ತಿದ್ದೇವೆ.

ನಾನು ಏನು ತಿನ್ನುತ್ತೇನೆಂದು ನನಗೇ ಗೊತ್ತಿಲ್ಲವೇ? ಬರೆಯಲೇಬೇಕೇ?

ನಾನೂ ಇದನ್ನೇ ಕೇಳಿದ್ದೆ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. "ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ" ಅನ್ನುತ್ತಿದ್ದವರ ಒಂದು ಸಣ್ಣ ಗುಂಪನ್ನು ಪರೀಕ್ಷಿಸಿದಾಗ, ಅವರು ನಿಜಕ್ಕೂ ತಿಂದದ್ದಕ್ಕಿಂತ ಸರಾಸರಿ ಶೇಕಡ 47ರಷ್ಟು ಕಡಿಮೆ ಹೇಳುತ್ತಿದ್ದರೆಂದು ಗೊತ್ತಾಯಿತು. ಅವರು ಸುಳ್ಳು ಹೇಳುವವರು ಅಂತ ನನಗನ್ನಿಸುವುದಿಲ್ಲ. ನೆನಪು ಊಟವನ್ನು ಮಾತ್ರ ಇಟ್ಟುಕೊಳ್ಳುತ್ತದೆ, ನಡುವಿನದನ್ನು ಬಿಟ್ಟುಬಿಡುತ್ತದೆ.

ನನ್ನ ಪುಸ್ತಕದ ನಾಲ್ಕನೇ ದಿನದ ಪುಟ ಇದು. ತಿಂಡಿ, ಊಟ, ರಾತ್ರಿ ಊಟ ಬಿಟ್ಟು ಉಳಿದದ್ದು ಮಾತ್ರ: ಕಾಯಿ ತುರಿಯುವಾಗ ಬಾಯಿಗೆ ಹಾಕಿಕೊಂಡ ಎರಡು ಚೂರು. ಮಗಳು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಬೆಲ್ಲದ ಸಮೇತ. ಹುಳಿಗೆ ಉಪ್ಪು ನೋಡಿದ್ದು ಮೂರು ಸಲ. ಡಬ್ಬಿಗೆ ತುಂಬುವಾಗ ಒಂದು ಹಿಡಿ ಖಾರದ ಅವಲಕ್ಕಿ. ಪಕ್ಕದ ಮನೆಯವರು ತಂದುಕೊಟ್ಟ ಒಂದು ಕೋಡುಬಳೆ. ಪಾತ್ರೆ ತೊಳೆಯುವ ಮುಂಚೆ ತಳದಲ್ಲಿದ್ದ ಎರಡು ಚಮಚ ಪಾಯಸ. ಕೂಡಿಸಿದರೆ ಹತ್ತಿರ ಹತ್ತಿರ 450 ಆಯಿತು. ಒಂದು ಹೊತ್ತಿನ ಊಟದ ಲೆಕ್ಕ ಅದು, ಪೂರ್ತಿ ನಿಂತುಕೊಂಡೇ ತಿಂದದ್ದು. ಒಂದಕ್ಕೂ ತಟ್ಟೆ ಹಾಕಿಕೊಂಡಿರಲಿಲ್ಲ. ಹಾಗಾಗಿಯೇ ನನ್ನ ಮನಸ್ಸಿನಲ್ಲಿ ಅದು ತಿಂದ ಲೆಕ್ಕಕ್ಕೆ ಬಂದಿರಲಿಲ್ಲ.

ಆಪ್ ಹಾಕಿಕೊಳ್ಳಲಾ, ಪುಸ್ತಕದಲ್ಲಿ ಬರೆಯಲಾ?

ಯಾವುದು ಕೈಗೆ ಬೇಗ ಸಿಗುತ್ತದೋ ಅದು. ಆಪ್‌ನಲ್ಲಿ ಕೂಡುವ ಕೆಲಸ ಉಳಿಯುತ್ತದೆ. ಆದರೆ "ಅಕ್ಕಿ ರೊಟ್ಟಿ" ಅಂತ ಹುಡುಕಿದರೆ ಒಂದಕ್ಕೊಂದು ತಾಳೆಯಾಗದ ಐದಾರು ಲೆಕ್ಕ ಬರುತ್ತವೆ, ತಂಬುಳಿ ಅಂತ ಹುಡುಕಿದರೆ ಏನೂ ಬರದಿರಬಹುದು. ನಾನು ಅಡುಗೆಮನೆಯ ಮೊಳೆಗೆ ಪುಸ್ತಕ ನೇತುಹಾಕಿ, ಅದಕ್ಕೊಂದು ಪೆನ್ನು ಕಟ್ಟಿದ್ದೇನೆ. ಎರಡರಲ್ಲಿ ಯಾವುದಾದರೂ ಸರಿ, ತಿನ್ನುವ ಮುಂಚೆ ಬರೆಯಿರಿ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಮೇಲೆ ಹೇಳಿದ ಶೇಕಡ 47ರ ಕಥೆಯೇ.

ಒಂದು ಡಿಜಿಟಲ್ ತಕ್ಕಡಿ ಬೇಕು, ಗ್ರಾಂ ತೋರಿಸುವಂಥದ್ದು. ಗಾಂಧಿ ಬಜಾರಿನ ಪಾತ್ರೆ ಅಂಗಡಿಗಳಲ್ಲೇ ಸಿಗುತ್ತದೆ. ಅದನ್ನು ಜೀವನವಿಡೀ ಬಳಸಬೇಕಾಗಿಲ್ಲ. ಮೊದಲ ವಾರ ನಿಮ್ಮ ಮನೆಯ ಸೌಟಿಗೆ ಎಷ್ಟು ಹುಳಿ ಹಿಡಿಯುತ್ತದೆ, ಸಟ್ಟುಗಕ್ಕೆ ಎಷ್ಟು ಅನ್ನ ಬರುತ್ತದೆ, ಎಣ್ಣೆ ಚಮಚ ಎಷ್ಟರದ್ದು ಅಂತ ತೂಗಿ ಗೋಡೆಗೆ ಬರೆದು ಅಂಟಿಸಿ. ಆಮೇಲೆ ಸೌಟನ್ನೇ ಎಣಿಸಿದರೆ ಸಾಕು.

ಅನ್ನದ ಲೆಕ್ಕ ಯಾಕೆ ಪ್ರತಿ ಸಲ ತಪ್ಪುತ್ತದೆ?

ಹಸಿ ಅಕ್ಕಿಯ ಲೆಕ್ಕವನ್ನು ಬೆಂದ ಅನ್ನಕ್ಕೆ ಹಾಕುವುದರಿಂದ. ನೂರು ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, ನೂರು ಗ್ರಾಂ ಅನ್ನಕ್ಕೆ ಸುಮಾರು 130. ನಡುವೆ ಇರುವುದು ನೀರು. ನಮ್ಮ ಮನೆಯಲ್ಲಿ 250 ಗ್ರಾಂ ಅಕ್ಕಿ ಇಟ್ಟರೆ 700 ಗ್ರಾಂ ಅನ್ನವಾಗುತ್ತದೆ. ಒಂದು ಸಟ್ಟುಗ ಅನ್ನ 80 ಗ್ರಾಂ. ಅಂದರೆ ಸಟ್ಟುಗಕ್ಕೆ ನೂರು ಕ್ಯಾಲೊರಿ ಅಂತ ಹಿಡಿದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಕುಚ್ಚಲಕ್ಕಿಯ ಅನ್ನಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಗಂಜಿಯಲ್ಲಿ ನೀರು ಜಾಸ್ತಿ, ಹಾಗಾಗಿ ಬಟ್ಟಲು ತುಂಬ ಉಂಡರೂ ಲೆಕ್ಕ ಹಗುರ. ಜ್ವರ ಬಂದವರಿಗಷ್ಟೇ ಗಂಜಿ ಅನ್ನುವ ಮಾತನ್ನು ನಾವು ಬಿಡಬೇಕು.

ತಂಬುಳಿ, ಹುಳಿ, ಕಡುಬು, ಅಪ್ಪೆಹುಳಿ ಇವಕ್ಕೆಲ್ಲ ಅಂಕಿ ಎಲ್ಲಿ ಸಿಗುತ್ತದೆ?

ನಾವೇ ಮಾಡಿಕೊಳ್ಳಬೇಕು. ಅಷ್ಟೇನೂ ಕಷ್ಟವಲ್ಲ. ಅದೇ ಪೋಷಣ ಸಂಸ್ಥೆ 2017ರಲ್ಲಿ 528 ಆಹಾರ ಪದಾರ್ಥಗಳ ಕೋಷ್ಟಕ ಹೊರತಂದಿದೆ. ಬೇಳೆ, ಸೊಪ್ಪು, ಕಾಯಿ, ಅಕ್ಕಿ ಎಲ್ಲ ಅದರಲ್ಲಿವೆ. ಪಾತ್ರೆಗೆ ಹಾಕಿದ್ದನ್ನೆಲ್ಲ ಕೂಡಿ, ಉಂಡವರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬರ ಪಾಲು ಸಿಕ್ಕಿತು.

ಒಂದೆಲಗದ ತಂಬುಳಿ ನೋಡಿ. ಸೊಪ್ಪಿನದು ಲೆಕ್ಕಕ್ಕೇ ಇಲ್ಲ. ಕಾಯಿತುರಿ 50 ಗ್ರಾಂ, ಅದು 190. ಮೊಸರು 200 ಗ್ರಾಂ, 120. ಒಗ್ಗರಣೆಗೆ ಒಂದು ಚಮಚ ತುಪ್ಪ, 40. ಒಟ್ಟು 350. ಐದು ಜನಕ್ಕೆ ಹಂಚಿದರೆ ತಲೆಗೆ 70. ಇದಕ್ಕಿಂತ ತಂಪಾದ, ಹಗುರಾದ ಅಡುಗೆ ಇನ್ನೊಂದಿಲ್ಲ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ಅಪ್ಪೆಹುಳಿಯಂತೂ ಮಿಡಿ ಬೇಯಿಸಿ ಕಿವುಚಿದ ನೀರು, ಒಗ್ಗರಣೆ, ಉಪ್ಪು, ಮೆಣಸು. ಒಗ್ಗರಣೆಯ ಎಣ್ಣೆಯಷ್ಟೇ ಲೆಕ್ಕ. ಉಪ್ಪನ್ನು ಮಾತ್ರ ನೋಡಿಕೊಳ್ಳಬೇಕು, ಬಿಪಿ ಇದ್ದವರಂತೂ ಇನ್ನೂ ಜಾಸ್ತಿ.

ಹುಳಿಯ ಲೆಕ್ಕ ಮಾಡಿದಾಗ ನನಗೆ ಆಶ್ಚರ್ಯವಾಯಿತು. ತೊಗರಿಬೇಳೆ 100 ಗ್ರಾಂ, 335. ರುಬ್ಬಲು ಹಾಕಿದ ಕಾಯಿ 80 ಗ್ರಾಂ, 300. ಸೌತೆಕಾಯಿ, ಒಗ್ಗರಣೆ ಎಲ್ಲ ಸೇರಿ ಒಟ್ಟು 800 ಚಿಲ್ಲರೆ. ಬೇಳೆಗೆ ಸರಿಸಮನಾಗಿ ಕಾಯಿ ಕೂತಿದೆ! ನಮ್ಮ ಹಿತ್ತಲಲ್ಲೇ ಬಿದ್ದು ಸಿಗುತ್ತಿದ್ದ ಕಾಯಿಯನ್ನು ಯಾರು ಅಳೆದು ಹಾಕುತ್ತಿದ್ದರು? ಈಗ ನಾನು ಅರ್ಧ ಕಾಯಿ ಹಾಕುವಲ್ಲಿ ಕಾಲು ಹಾಕಿ, ಒಂದು ಹಿಡಿ ಬೇಳೆ ಹೆಚ್ಚಿಗೆ ಹಾಕುತ್ತೇನೆ. ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುವುದು ನನ್ನ ಅತ್ತೆಗೆ ಮಾತ್ರ.

ಅಕ್ಕಿತರಿ ಕಡುಬು ಹಬೆಯಲ್ಲಿ ಬೇಯುತ್ತದೆ, ಎಣ್ಣೆ ಇಲ್ಲ. ಜೊತೆಗೆ ಏನು ನೆಂಚಿಕೊಳ್ಳುತ್ತೀರಿ ಅನ್ನುವುದೇ ಅಲ್ಲಿ ಮುಖ್ಯ.

ಎಣ್ಣೆಯನ್ನು ಹೇಗೆ ಅಳೆಯುವುದು? ಸುರಿದದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲವಲ್ಲ?

ಕುಡಿಕೆಯನ್ನೇ ತೂಗಿ. ಒಂದು ಬೆಳಗ್ಗೆ ಅಕ್ಕಿ ರೊಟ್ಟಿ ತಟ್ಟುವ ಮುಂಚೆ ನನ್ನ ಸ್ಟೀಲ್ ಎಣ್ಣೆ ಕುಡಿಕೆ 412 ಗ್ರಾಂ ಇತ್ತು. ಆರು ರೊಟ್ಟಿ ಆದಮೇಲೆ 340. ಹೋದದ್ದು 72 ಗ್ರಾಂ, ರೊಟ್ಟಿಗೆ 12 ಗ್ರಾಂ. ನಾನು ಅಲ್ಲಿಯವರೆಗೆ ಪುಸ್ತಕದಲ್ಲಿ ಪ್ರತಿ ರೊಟ್ಟಿಗೆ "ಎಣ್ಣೆ 1 ಚಮಚ, 40" ಅಂತ ಬರೆದುಕೊಂಡು ಬಂದಿದ್ದೆ. ನಿಜದ ಲೆಕ್ಕ 108. ಕಾವಲಿಯ ಸುತ್ತ ಒಂದು ಸಲ, ರೊಟ್ಟಿಯ ನಡುವೆ ಬೆರಳಲ್ಲಿ ಮಾಡಿದ ತೂತಿಗೆ ಒಂದು ಸಲ, ಮಗುಚಿದ ಮೇಲೆ ಇನ್ನೊಂದು ಸಲ. ಕೈ ತಾನಾಗಿಯೇ ಮಾಡುತ್ತಿತ್ತು, ನಾನು ನೋಡಿಯೇ ಇರಲಿಲ್ಲ. ಹಿಟ್ಟು 70 ಗ್ರಾಂ, ಅದಕ್ಕೆ 245. ಕಾಯಿತುರಿ ಸೇರಿ ಒಂದು ರೊಟ್ಟಿ 390ರ ಹತ್ತಿರ ಬಂತು. ಮೇಲೆ ಬೆಣ್ಣೆ ಉಂಡೆ ಇಟ್ಟರೆ ಇನ್ನೊಂದು ಎಪ್ಪತ್ತು.

ಈಗ ಕುಡಿಕೆ ಎತ್ತುವುದಿಲ್ಲ. ಚಿಕ್ಕ ಬಟ್ಟಲಿಗೆ ಆರು ರೊಟ್ಟಿಗೆ ಆರು ಚಮಚ ಎಣ್ಣೆ ಮೊದಲೇ ತೆಗೆದಿಟ್ಟು, ಬಾಳೆಲೆಯ ದಂಟಿನ ತುದಿ ಜಜ್ಜಿ ಅದರಲ್ಲಿ ಸವರುತ್ತೇನೆ. ರೊಟ್ಟಿ ಎಂದಿನಂತೆಯೇ ಗರಿಗರಿಯಾಗಿ ಏಳುತ್ತದೆ.

ಕರಿಯುವುದಾದರೆ ಬಾಣಲೆಯ ಎಣ್ಣೆಯನ್ನು ಮೊದಲೂ ಆಮೇಲೂ ತೂಗಿ, ಕಡಿಮೆಯಾದದ್ದನ್ನು ಹಂಚಿಕೊಳ್ಳಿ.

ಕಾಫಿಯನ್ನೂ ಬರೆಯಬೇಕಾ?

ಮಲೆನಾಡಿನಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದೇ ಕಾಫಿ. ನೀಲಿ ಪ್ಯಾಕೆಟ್ಟಿನ ಹಾಲು 80 ಮಿಲಿ, 47 ಕ್ಯಾಲೊರಿ. ಎರಡು ಚಮಚ ಸಕ್ಕರೆ, ಹತ್ತು ಗ್ರಾಂ, 40. ಒಂದು ಲೋಟಕ್ಕೆ 87. ನಾನು ದಿನಕ್ಕೆ ಐದು ಲೋಟ ಕುಡಿಯುತ್ತಿದ್ದೆ: ಎದ್ದ ಕೂಡಲೇ, ತಿಂಡಿ ಜೊತೆ, ಹನ್ನೊಂದಕ್ಕೆ, ನಾಲ್ಕಕ್ಕೆ, ಯಾರಾದರೂ ಬಂದಾಗ. 435 ಕ್ಯಾಲೊರಿ, 50 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ 2000 ಕ್ಯಾಲೊರಿ ಉಣ್ಣುವವರಿಗೆ ದಿನದ ಸಕ್ಕರೆಯ ಮೇಲಿನ ಮಿತಿಯೇ 50 ಗ್ರಾಂ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ನನ್ನ ಮಿತಿ ಬರೀ ಕಾಫಿಯಲ್ಲೇ ಮುಗಿದುಹೋಗಿತ್ತು.

ಈಗ ಮೂರು ಲೋಟ, ಒಂದೊಂದು ಚಮಚ. ಎರಡು ವಾರ ಬಾಯಿ ಸಪ್ಪೆ ಅನ್ನಿಸಿದ್ದು ನಿಜ. ಆಮೇಲೆ ಕಾಫಿಬೀಜದ ರುಚಿ ತಿಳಿಯತೊಡಗಿತು. ಹನ್ನೊಂದು ಗಂಟೆಗೆ ಜೀರಿಗೆ ಕೊತ್ತಂಬರಿ ಕಷಾಯ ಮಾಡಿಕೊಳ್ಳುತ್ತೇನೆ, ಬೆಲ್ಲ ಹಾಕದೆ.

ಬೆಲ್ಲ, ಜೋನಿಬೆಲ್ಲ ಸಕ್ಕರೆಗಿಂತ ಒಳ್ಳೆಯದಲ್ಲವೇ?

ರುಚಿಗೆ ಹೌದು. ಕ್ಯಾಲೊರಿಯಲ್ಲಿ ಬೆಲ್ಲವೂ ಸಕ್ಕರೆಯೂ ಹತ್ತಿರ ಹತ್ತಿರ ಒಂದೇ. ಜೋನಿಬೆಲ್ಲದಲ್ಲಿ ನೀರಿನ ಅಂಶ ಇರುವುದರಿಂದ ತೂಕಕ್ಕೆ ಸ್ವಲ್ಪ ಕಡಿಮೆ, ಒಂದು ದೊಡ್ಡ ಚಮಚಕ್ಕೆ 60 ಅಂತ ಬರೆಯುತ್ತೇನೆ. ದೋಸೆಗೆ ಸುರಿದುಕೊಳ್ಳುವಾಗ ಅದು ಒಂದೇ ಚಮಚದಲ್ಲಿ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಬೆಲ್ಲವನ್ನು ಔಷಧಿ ಅಂತ ತಿನ್ನುವುದನ್ನು ದಯವಿಟ್ಟು ಬಿಡಿ.

ಹಲಸಿನ ಕಾಲದಲ್ಲಿ ಏನು ಮಾಡುವುದು?

ತಿನ್ನುವುದು. ನೂರು ಗ್ರಾಂ ತೊಳೆಗೆ ಸುಮಾರು 95 ಕ್ಯಾಲೊರಿ. ಹತ್ತು ತೊಳೆ ತಿಂದರೆ ಎರಡು ಸಟ್ಟುಗ ಅನ್ನದ ಲೆಕ್ಕ, ಆ ಹೊತ್ತು ಅನ್ನ ಅಷ್ಟು ಕಡಿಮೆ ಮಾಡಿದರಾಯಿತು. ಸಕ್ಕರೆ ಕಾಯಿಲೆ ಇದ್ದವರು ಹತ್ತು ತಿನ್ನುವ ಹಾಗಿಲ್ಲ. ಹಪ್ಪಳದ ವಿಷಯ ಬೇರೆ. ಆಷಾಢದ ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನ ಸಂಜೆ ಡಬ್ಬಿ ತೆಗೆದರೆ ಎಷ್ಟು ಹೋಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ನಾಲ್ಕು ಕರಿದ ಹಪ್ಪಳಕ್ಕೆ ನಾನು ಒಂದು ರೊಟ್ಟಿಯ ಹತ್ತಿರದ ಲೆಕ್ಕ ಬರೆಯುತ್ತೇನೆ. ಕೆಂಡದ ಮೇಲೆ ಸುಟ್ಟ ಹಪ್ಪಳಕ್ಕೆ ಕಾಯಿಚೂರು ನೆಂಚಿಕೊಂಡು ತಿನ್ನುವ ಹಳೆಯ ಪದ್ಧತಿ ನನಗೆ ಕರಿದದ್ದಕ್ಕಿಂತ ಇಷ್ಟ.

ನೆಂಟರ ಮನೆಯಲ್ಲಿ, ಮದುವೆಮನೆಯಲ್ಲಿ ಬೇಡ ಅನ್ನುವುದು ಹೇಗೆ?

ಇದು ಕ್ಯಾಲೊರಿಯ ಪ್ರಶ್ನೆಯಲ್ಲ, ಪ್ರೀತಿಯ ಪ್ರಶ್ನೆ. "ಇನ್ನೊಂದ್ ಸ್ವಲ್ಪ ಹಾಕಿಸ್ಕೊಳ್ಳಿ, ಏನೂ ಉಣ್ಲೇ ಇಲ್ಲ" ಅಂತ ಸೌಟು ಹಿಡಿದು ನಿಂತವರ ಮುಖ ನೋಡಿ ಬೇಡ ಅನ್ನಲು ನನಗೂ ಬರುವುದಿಲ್ಲ. ನಾನು ಕಂಡುಕೊಂಡದ್ದು ಇಷ್ಟು: ಪಾಯಸ, ಹೋಳಿಗೆ ಬಂದಾಗ ಬೇಡ ಅನ್ನಬೇಡಿ, ಮೊದಲ ಸಲ ಬಂದ ಅನ್ನವನ್ನೇ ಅರ್ಧ ಹಾಕಿಸಿಕೊಳ್ಳಿ. ನಿಧಾನ ಉಣ್ಣಿ. ಎಲೆ ಖಾಲಿ ಕಂಡರೆ ತಾನೇ ಬಡಿಸುವವರು ಬರುವುದು? ಅವತ್ತಿನ ಪುಟದಲ್ಲಿ "ಮದುವೆ ಊಟ" ಅಂತ ಬರೆದು ಮುಚ್ಚಿಬಿಡಿ. ವರ್ಷಕ್ಕೆ ಹತ್ತು ಮದುವೆಯಿಂದ ಯಾರೂ ಹಾಳಾಗುವುದಿಲ್ಲ. ನಮ್ಮ ತೂಕ ಏರುವುದು ಉಳಿದ ಮುನ್ನೂರೈವತ್ತು ಸಾಮಾನ್ಯ ದಿನಗಳಲ್ಲಿ.

ನಾವು ಬಡಿಸುವಾಗಲೂ ಒತ್ತಾಯ ಒಂದು ಸಲಕ್ಕೆ ಸಾಕು.

ಇದೆಲ್ಲ ತೂಕ ಇಳಿಸಬೇಕಾದವರಿಗೆ ಮಾತ್ರ ಅಲ್ಲವೇ?

ಅಲ್ಲ. ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಉತ್ತರ ಇದು.

ನನ್ನ ಅತ್ತೆಗೆ ಎಪ್ಪತ್ತು ದಾಟಿದೆ, ತೂಕ 48 ಕಿಲೋ. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ. ವಯಸ್ಸಿನದು ಅಂತ ಎಲ್ಲರೂ ಸುಮ್ಮನಿದ್ದೆವು. ನನ್ನ ಪುಸ್ತಕ ನೋಡಿ "ನಂದೂ ಬರಿಯೇ" ಅಂದರು. ಒಂದು ವಾರ ಬರೆದೆ. ಬೆಳಗ್ಗೆ ಒಂದು ದೋಸೆ, ಕಾಫಿ. ಮಧ್ಯಾಹ್ನ ಎಲ್ಲರದ್ದೂ ಆದಮೇಲೆ ಮೂರು ಗಂಟೆಗೆ, ತಳದಲ್ಲಿ ಉಳಿದ ಹುಳಿಯ ತಿಳಿ, ಒಂದೂವರೆ ಸಟ್ಟುಗ ಅನ್ನ, ಉಪ್ಪಿನಕಾಯಿ, ಮಜ್ಜಿಗೆ. ರಾತ್ರಿ ಮತ್ತೆ ಮಜ್ಜಿಗೆ ಅನ್ನ. ದಿನಕ್ಕೆ ಸಾವಿರದ ಆಸುಪಾಸು ಕ್ಯಾಲೊರಿ. ಪ್ರೋಟೀನ್ 24 ಗ್ರಾಂ. ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ ಅವರಿಗೆ ಕಡಿಮೆಯೆಂದರೆ 40 ಗ್ರಾಂ. ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಅಡುಗೆ ಉಂಡು ನಾನು ತಿಂದದ್ದು ಹೆಚ್ಚಾಗಿ ಕಾಯಿಲೆಯ ಹೊಸ್ತಿಲಲ್ಲಿದ್ದೆ, ಅವರು ತಿಂದದ್ದು ಕಡಿಮೆಯಾಗಿ ಸೊರಗುತ್ತಿದ್ದರು. ನಾನು ದಿನಾ ಬಡಿಸುವವಳು, ನನಗೇ ಕಂಡಿರಲಿಲ್ಲ. ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಈಗ ಅವರದ್ದು ಮೊದಲ ಪಂಕ್ತಿ. ಹುಳಿಯನ್ನು ತಳದಿಂದ ತಿರುಗಿಸಿ ಬೇಳೆ ಬರುವಂತೆ ಬಡಿಸುತ್ತೇನೆ. ಸಂಜೆ ಮೊಳಕೆ ಹೆಸರುಕಾಳಿನ ಉಸಲಿ, ಹಲ್ಲಿಗೆ ಮೆತ್ತಗಾಗುವಂತೆ ಬೇಯಿಸಿ. ರಾತ್ರಿ ಮಜ್ಜಿಗೆಯ ಬದಲು ಗಟ್ಟಿ ಮೊಸರು, ಮಲಗುವಾಗ ಹಾಲು. ನಿಮ್ಮ ಮನೆಯಲ್ಲೂ ಕೊನೆಗೆ ಉಣ್ಣುವವರು ಯಾರಿದ್ದಾರೋ, ಮೊದಲು ಅವರ ಒಂದು ವಾರದ ಲೆಕ್ಕ ಬರೆಯಿರಿ.

ಯಾರು ಇದನ್ನು ಮಾಡಬಾರದು?

ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ರಕ್ತದ ಸಕ್ಕರೆ ಏಕಾಏಕಿ ಕುಸಿಯಬಹುದು. ಬಸುರಿಯರಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚಿಗೆ ಬೇಕು, ಹಾಲುಣಿಸುವ ತಾಯಂದಿರಿಗೆ ಮೊದಲ ಆರು ತಿಂಗಳು 600 ಹೆಚ್ಚಿಗೆ ಬೇಕು. ಅದು ಕಡಿಮೆ ಮಾಡುವ ಕಾಲವೇ ಅಲ್ಲ. ಬೆಳೆಯುವ ಮಕ್ಕಳ ತಟ್ಟೆಯ ಮೇಲೆ ಅಂಕಿ ಹೇಳಬೇಡಿ. ಅದರಲ್ಲೂ ಹದಿಹರೆಯದ ಹೆಣ್ಣುಮಕ್ಕಳ ಮುಂದೆ. ಬರೆಯಲು ಶುರು ಮಾಡಿದ ಮೇಲೆ ಉಣ್ಣಲು ಭಯವಾಗುವುದು, ತಿಂದದ್ದಕ್ಕೆ ಅಳು ಬರುವುದು, ಉಪವಾಸ ಹಾಕಿ "ಸರಿದೂಗಿಸುವುದು" ಕಂಡರೆ ಅವತ್ತೇ ಪುಸ್ತಕ ಮುಚ್ಚಿ, ವೈದ್ಯರ ಹತ್ತಿರ ಮಾತಾಡಿ.

ನಾನೂ ಎರಡನೇ ತಿಂಗಳು ಅವಸರ ಮಾಡಿ 1100ಕ್ಕೆ ಇಳಿಸಿದ್ದೆ. ಒಂದು ಬೆಳಗ್ಗೆ ಒಲೆಯ ಮುಂದೆ ಕಣ್ಣು ಕತ್ತಲೆ ಬಂದು ಕಟ್ಟೆ ಹಿಡಿದು ಕೂತೆ. ಕೈಯಲ್ಲಿ ಬಿಸಿ ಕಾವಲಿ ಇತ್ತು. ಮತ್ತೆ ಯಾವತ್ತೂ 1500ಕ್ಕಿಂತ ಕೆಳಗೆ ಹೋಗಿಲ್ಲ.

ಸರಿಯಾಗಿ ಬರೆದರೂ ತೂಕ ಇಳಿಯುತ್ತಿಲ್ಲ, ಯಾಕೆ?

ದಿನಾ ತೂಗಿ ನೋಡುತ್ತಿದ್ದೀರಾ? ಉಪ್ಪು, ನೀರು, ಮುಟ್ಟಿನ ದಿನಗಳು ಎಲ್ಲ ಸೇರಿ ಒಂದು ಕಿಲೋ ಹಿಂದೆಮುಂದೆ ಆಗುವುದು ಸಹಜ. ಏಳು ದಿನದ ಸರಾಸರಿಯನ್ನು ಹೋಲಿಸಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ, ಹಾಗಾಗಿ ದಿನಕ್ಕೆ 250 ಕಡಿಮೆ ಮಾಡಿದರೆ ಕಾಗದದ ಮೇಲೆ ತಿಂಗಳಿಗೆ ಒಂದು ಕಿಲೋ. ಮೈ ಕಾಗದವಲ್ಲ, ಅದಕ್ಕಿಂತ ನಿಧಾನವಾಗಿಯೇ ಇಳಿಯುತ್ತದೆ. ನನಗೆ ನಾಲ್ಕು ಕಿಲೋ ಇಳಿಯಲು ಆರು ತಿಂಗಳು ಬೇಕಾಯಿತು, ಎಚ್‌ಬಿಎ1ಸಿ 5.8ಕ್ಕೆ ಬಂತು. ಅಷ್ಟಾದರೂ ಏನೂ ಬದಲಾಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಟೇಪಿನಲ್ಲಿ ಸೊಂಟದ ಸುತ್ತಳತೆಯನ್ನೂ ನೋಡುತ್ತಿರಿ: ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಎಷ್ಟು ದಿನ ಬರೆಯುತ್ತಿರಬೇಕು?

ಮೂರು ವಾರ ಬಿಡದೆ ಬರೆಯಿರಿ. ಆಮೇಲೆ ನಾನು ಮಾಡಿದ ಹಾಗೆ ವರ್ಷಕ್ಕೆ ಮೂರು ಸಲ ಒಂದೊಂದು ವಾರ ಸಾಕು: ಜಡಿಮಳೆ ಹಿಡಿದಾಗ ಒಂದು, ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಊರಿಗೆ ಹೋದಾಗ ಒಂದು, ಬೇಸಿಗೆಯಲ್ಲಿ ಒಂದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮಾತಿನ ನಡುವೆ ಅವಲಕ್ಕಿ, ಕಾಫಿ ಎಷ್ಟು ಸುತ್ತು ಬರುತ್ತದೆ ಅಂತ ಬರೆದರೇ ಗೊತ್ತಾಗುವುದು. ಮನೆಯಲ್ಲಿ ಸೌಟು, ಸಟ್ಟುಗ, ಕಾಫಿ ಲೋಟ ಹೊಸದು ತಂದರೆ ಮಾತ್ರ ಮತ್ತೆ ತಕ್ಕಡಿ ತೆಗೆದು ತೂಗಿ, ಗೋಡೆಯ ಚೀಟಿ ಬದಲಿಸಿ.